ಕಾಲುವೆ ತೋಡಿದವರ ಹೆಸರು ಎಲ್ಲಿ?

ಮಾಸ್ತರರೇ, ಮಕ್ಕಳನ್ನು ಧೂಪದಾಳಕ್ಕೆ ಪ್ರವಾಸ ಕರೆದೊಯ್ಯುತ್ತೀರಿ. ಘಟಪ್ರಭೆಗೆ ಅಡ್ಡ ಕಟ್ಟಿದ ಒಡ್ಡು ತೋರಿಸಿ ‘1897ರಲ್ಲಿ ಬ್ರಿಟಿಷರು ಕಟ್ಟಿದರು’ ಅಂತ ಹೇಳುತ್ತೀರಿ. ಯಾವ ಬ್ರಿಟಿಷ ಕಲ್ಲು ಹೊತ್ತಿದ್ದನ್ರೀ?

1876-78ರ ಬರ ನೆನಪಿರಲಿ. ಮುಂಬಯಿ ಪ್ರಾಂತದ ಬರದ ಕಾಮಗಾರಿಗಳಲ್ಲಿ ದಿನವಿಡೀ ಮಣ್ಣು ಹೊತ್ತವನಿಗೆ ಸಿಕ್ಕಿದ್ದು ಒಂದು ಪೌಂಡು ಕಾಳು, ಮೇಲೆ ಚಿಲ್ಲರೆ ಕಾಸು. ಅದನ್ನು ಗೊತ್ತು ಮಾಡಿದವನು ರಿಚರ್ಡ್ ಟೆಂಪಲ್; ಅವನ ಹೆಸರು ಪುಸ್ತಕದಲ್ಲಿದೆ. ಹೊತ್ತವರದು ಇಲ್ಲ. ಧೂಪದಾಳದ ಕೆಲಸ ಮುಗಿಯುವ ಹೊತ್ತಿಗೆ, 1896-97ರಲ್ಲಿ, ಮತ್ತೆ ಬರ. ಅಷ್ಟರೊಳಗೆ ಕೆಳಗಿನ ಗೋಕಾಕ ಫಾಲ್ಸಿನಲ್ಲಿ ಅದೇ ಹೊಳೆಯ ನೀರು ಗಿರಣಿಯ ಚಕ್ರ ತಿರುಗಿಸಲು ಹತ್ತಿ ಹತ್ತು ವರ್ಷವಾಗಿತ್ತು. ನೀರಿಗೆ ಬಿಡುವಿರಲಿಲ್ಲ, ಕೂಲಿಗೂ ಇರಲಿಲ್ಲ.

ಯೋಜನೆಯ ಮೊದಲ ಹಂತದ ಎಡದಂಡೆ ಕಾಲುವೆ 71 ಕಿ.ಮೀ. ನೀರು ಹೊಲಕ್ಕೆ ಹೋಯಿತು. ಹೊಲ ಯಾರದು? 1923ರಲ್ಲಿ ಮುಂಬಯಿ ಕೌನ್ಸಿಲ್ಲು ಬೋಲೆಯವರ ಠರಾವು ಪಾಸು ಮಾಡಿ ಸಾರ್ವಜನಿಕ ಕೆರೆಬಾವಿಗಳನ್ನು ಅಸ್ಪೃಶ್ಯರಿಗೆ ತೆರೆಯಿತು. ಬೆಳಗಾವಿಯೂ ಆಗ ಅದೇ ಪ್ರಾಂತ. ಕಾಗದದ ಮೇಲಿನ ನೀರು ಕುಡಿಯಲು ಬರದ್ದಕ್ಕೇ ಬಾಬಾಸಾಹೇಬರು 1927ರಲ್ಲಿ ಮಹಾಡದ ಕೆರೆಗೆ ಇಳಿದರು. ನಮ್ಮವ್ವ ಹೇಳತಿದ್ದಳು: ‘ಕಾಲುವಿ ನಮ್ಮ ಕೇರಿ ಮುಂದನ ಹರೀತಿತ್ತು, ಕೊಡ ಮಾತ್ರ ಕೆಳಗಿನ ಕಟ್ಟಿಗೇ ಮುಳಗಿಸಬೇಕಾಗಿತ್ತು.’

ಹುಕ್ಕೇರಿ ಕಡೆ ಹಿಡಕಲ್ ಕಟ್ಟಿದಾಗ ಊರುಗಳೇ ಮುಳುಗಿದವು. ಬೇಸಿಗೆಯಲ್ಲಿ ನೀರಿಳಿದರೆ ಹುನ್ನೂರಿನ ವಿಠ್ಠಲನ ಗುಡಿ ಮೇಲೇಳುತ್ತದೆ. ಜನ ಫೋಟೋ ತೆಗೆಯಲು ಓಡುತ್ತಾರೆ. ಗುಡಿ ಕಲ್ಲಿನದು, ಉಳಿಯಿತು. ಗುಡಿಸಲು ಮಣ್ಣಿನದು, ಕರಗಿತು. ಫೋಟೋಕ್ಕೆ ಏನು ಸಿಗಬೇಕು?

‘ಕಾಲುವೆ ಇಲ್ಲದಿದ್ದರೆ ಮೂಡಲಗಿ ಸೀಮೆಯಲ್ಲಿ ಕಬ್ಬು ಬೆಳೀತಿತ್ತೇನು?’ ಎಂದು ಕೇಳುವವರಿದ್ದಾರೆ. ಇಲ್ಲ, ಒಪ್ಪುತ್ತೇವೆ. ಕಾಲುವೆಯ ಮೇಲೆ ನಮಗೇನು ಸಿಟ್ಟು? ಅದನ್ನು ತೋಡಿದ್ದೇ ನಾವು. ಆದರೆ 1974ರ ಭೂಸುಧಾರಣೆ ಗೇಣಿದಾರನಿಗೆ ಹೊಲ ಕೊಟ್ಟಿತು. ಗೇಣಿಯೂ ಇಲ್ಲದ ಕೂಲಿ ಕೂಲಿಯಾಗಿಯೇ ಉಳಿದ. ಇವತ್ತು ನೀರು ಬಳಕೆದಾರರ ಸಂಘದಲ್ಲೂ ಹೊಲವಿದ್ದವನಿಗೇ ಸದಸ್ಯತ್ವ. ಕಬ್ಬು ಕಡಿಯುವ ಹೆಣ್ಣುಮಗಳು ನೀರು ಬಳಸುವುದಿಲ್ಲವೇ? ಅವಳ ಎಮ್ಮೆ, ಅವಳ ಕೊಡ, ಅವಳ ಮಗುವಿನ ಬಾಯಿ ಯಾವ ಲೆಕ್ಕಕ್ಕೆ? ಭೂಮಿಯಿಲ್ಲದವರಿಗೂ ಆ ಸಂಘದಲ್ಲಿ ಮತ ಬೇಕು.

ಇನ್ನು ಮಾಸ್ತರರೇ, ಮುಂದಿನ ಸಲ ಧೂಪದಾಳದಿಂದ ನೇರ ಫಾಲ್ಸಿಗೆ ಓಡಬೇಡಿ. ವಡ್ಡರ ಓಣಿಗೆ ಹೋಗಿರಿ, ಹೊಲಗೇರಿ ಮಾದಿಗೇರಿಗೆ ಹೋಗಿರಿ. ಮಕ್ಕಳ ಕೈಗೆ ವಹಿ ಕೊಡಿರಿ. ಯಾರ ಮುತ್ತಜ್ಜ ಎಲ್ಲಿ ಮಣ್ಣು ಹೊತ್ತ, ಹೆಸರೇನು, ಬರೆದುಕೊಳ್ಳಲಿ.