ಹಳೆಯ ದೋಣಿಯ ಜೀರ್ಣೋದ್ಧಾರ

ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರಕ್ಕೆ ಹೋದವರು ಮುಕ್ತೇಶ್ವರ ದೇವಾಲಯದ ಶಿಲ್ಪವನ್ನು ಕಂಡು ಬೆರಗಾಗುತ್ತಾರೆ, ಬೆರಗಾಗತಕ್ಕದ್ದೇ. ಆದರೆ ಆ ಊರಿನ ಹೆಸರಿನಲ್ಲಿ ಉಳಿದಿರುವವನು ಒಬ್ಬ ಅಂಬಿಗ. ೧೨ನೆಯ ಶತಮಾನದ ವಚನಕಾರನಾದ ಅಂಬಿಗರ ಚೌಡಯ್ಯನ ನೆನಪನ್ನು ಹೊತ್ತ ಈ ಊರಿನ ಮಗ್ಗುಲಲ್ಲೇ ತುಂಗಭದ್ರೆ ಹರಿಯುತ್ತಾಳೆ. ಗುಡಿಯ ಕಂಬಗಳನ್ನು ಮುಟ್ಟಿ ನೋಡುವ ಯಾತ್ರಿಕರು ಬಹಳ. ದಡದಲ್ಲಿ ಬೋರಲು ಹಾಕಿದ ಹಳೆಯ ದೋಣಿಯ ಅಡಿಯನ್ನು ತಟ್ಟಿ ನೋಡುವವರು ವಿರಳ. ಈ ಎರಡನೆಯ ಕೆಲಸದ ಬಗೆಗೆ ವಿದ್ಯಾರ್ಥಿಗಳೊಡನೆ ನಾಲ್ಕು ಮಾತನಾಡುವ ಉದ್ದೇಶ ನನ್ನದು.

ಹಾವೇರಿ ಜಿಲ್ಲೆಯಲ್ಲಿ ಹೊಳೆಗಳಿಗೆ ಕೊರತೆಯಿಲ್ಲ. ವರದೆಯು ಗಳಗನಾಥದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಸೇತುವೆಗಳು ಬಂದಂತೆ ಅಂಬಿಗರ ಕೆಲಸ ಕುಗ್ಗಿದೆ, ನಿಜ. ಆದರೂ ಮೀನು ಹಿಡಿಯುವವನಿಗೆ ದೋಣಿ ಬೇಕು. ಆಚೆ ದಡದಲ್ಲಿ ಹೊಲವಿರುವವನಿಗೆ ಬೇಕು. ೨೦೧೯ರ ಆಗಸ್ಟಿನಂತೆ ಹೊಳೆಯೇ ಊರೊಳಗೆ ಬಂದಾಗ ಎಲ್ಲರಿಗೂ ಬೇಕು. ಹೊಸ ದೋಣಿ ಕೊಳ್ಳುವ ಹಣ ಅಂಬಿಗನಲ್ಲಿಲ್ಲ. ಇರುವುದು ಒಂದು ಹಳೆಯ ದೋಣಿ, ಮತ್ತು ಸುಗ್ಗಿಯ ನಂತರ ಕೈಗೆ ಬಂದ ಒಂದಿಷ್ಟು ದುಡ್ಡು. ಅದರಲ್ಲಿ ಮೊದಲ ರೂಪಾಯಿಯನ್ನು ಎಲ್ಲಿ ಹಾಕಬೇಕು?

ಈ ಪ್ರಶ್ನೆಗೆ ಉತ್ತರ ಹೇಳಿದ ಮಹನೀಯರಲ್ಲಿ ಜೋಶುವಾ ಸ್ಲೋಕಮ್ ಪ್ರಸಿದ್ಧನು. ಕೆಲಸ ಕಳೆದುಕೊಂಡಿದ್ದ ಈ ನಾವಿಕನಿಗೆ ೧೮೯೨ರಲ್ಲಿ ಸ್ನೇಹಿತನೊಬ್ಬ ‘ಸ್ಪ್ರೇ’ ಎಂಬ ಹಳೆಯ ಹಾಯಿದೋಣಿಯನ್ನು ಕೊಟ್ಟನು. ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ಫೇರ್‌ಹೇವನ್ನಿನಲ್ಲಿ ಅದು ನೀರಿನಿಂದ ದೂರ, ಒಂದು ಹೊಲದಲ್ಲಿ ನಿಂತಿತ್ತು. ನೋಡಿದವರು ಅದನ್ನು ಒಡೆಯುವುದಕ್ಕೆಂದು ಭಾವಿಸಿದರು. ಸ್ಲೋಕಮ್ ಹತ್ತಿರದ ಓಕ್ ಮರವನ್ನು ಕಡಿದು ದೋಣಿಗೆ ಹೊಸ ಬೆನ್ನುಮರ ಮಾಡಿದನು. ಪಕ್ಕೆಲುಬುಗಳನ್ನು ಹಬೆಯಲ್ಲಿ ಬಾಗಿಸಿದನು. ಹಲಗೆಗಳನ್ನು ಒಂದೊಂದಾಗಿ ಬದಲಿಸಿದನು. ೧೩ ತಿಂಗಳ ಸ್ವಂತ ದುಡಿಮೆ, ಸಾಮಗ್ರಿಗೆ ೫೫೩ ಡಾಲರು ೬೨ ಸೆಂಟು. ೧೮೯೫ರಲ್ಲಿ ಬಾಸ್ಟನ್ನಿನಿಂದ ಹೊರಟು ೧೮೯೮ರಲ್ಲಿ ಭೂಪ್ರದಕ್ಷಿಣೆ ಮುಗಿಸಿದನು. ಒಬ್ಬನೇ ಹಾಯಿದೋಣಿಯಲ್ಲಿ ಜಗತ್ತನ್ನು ಸುತ್ತಿದವರಲ್ಲಿ ಅವನೇ ಮೊದಲಿಗ.

ನನಗೆ ಪ್ರಿಯವಾದ ಸಂಗತಿ ಅವನ ಗಡಿಯಾರದ್ದು. ಕಡಲಿನಲ್ಲಿ ರೇಖಾಂಶ ತಿಳಿಯಲು ಆ ಕಾಲದಲ್ಲಿ ಕ್ರೋನೋಮೀಟರ್ ಬೇಕಾಗಿತ್ತು. ಅವನಲ್ಲಿದ್ದುದನ್ನು ಸರಿಪಡಿಸಲು ೧೫ ಡಾಲರು ಕೇಳಿದರು. ಅದನ್ನು ಬಿಟ್ಟು, ಮುಖ ಒಡೆದುಹೋದ ತಗಡಿನ ಗಡಿಯಾರವೊಂದನ್ನು ಚೌಕಾಸಿ ಮಾಡಿ ಒಂದು ಡಾಲರಿಗೆ ಕೊಂಡನು. ಮುಂದೆ ಅದರ ನಿಮಿಷದ ಮುಳ್ಳೂ ಬಿದ್ದುಹೋಯಿತು. ನೀರಿನಲ್ಲಿ ಕುದಿಸಿದ ಮೇಲೆ ಗಂಟೆಯನ್ನಾದರೂ ಹೇಳಿತಂತೆ! ಗಡಿಯಾರಕ್ಕೆ ೧೫ ಡಾಲರು ದುಬಾರಿಯೆಂದ ಇದೇ ಮನುಷ್ಯ ಬೆನ್ನುಮರಕ್ಕೆ ಒಂದೂ ಕೊಳೆತ ತುಂಡನ್ನು ಉಳಿಸಲಿಲ್ಲ. ಗಡಿಯಾರ ತಪ್ಪಿದರೆ ಸೂರ್ಯ ಚಂದ್ರರನ್ನು ನೋಡಿ ತಿದ್ದಿಕೊಳ್ಳಬಹುದು, ಹಲಗೆ ತಪ್ಪಿದರೆ ತಿದ್ದಲು ಸಮಯವಿಲ್ಲ.

ನಮ್ಮ ಹೊಳೆಗಳ ದಡದಲ್ಲಿ ಸಾಮಾನ್ಯವಾಗಿ ನಡೆಯುವುದು ಇದಕ್ಕೆ ತದ್ವಿರುದ್ಧ. ಹಣ ಬಂದೊಡನೆ ಮೊದಲು ಬಣ್ಣ, ಬಳಿಕ ಸೆಕೆಂಡ್ ಹ್ಯಾಂಡ್ ಇಂಜಿನು. ಅಡಿ ಸೋರಿದರೆ ಮೇಲೊಂದು ತಗಡಿನ ತೇಪೆ. ಈ ಕ್ರಮವನ್ನು ತಲೆಕೆಳಗು ಮಾಡಬೇಕೆಂಬುದೇ ನನ್ನ ವಾದ.

ಮರ ಕೊಳೆಯುವುದು ಏಕೆ? ನೀರಿನಿಂದ ಎಂದು ಬಹುಮಂದಿ ತಿಳಿದಿದ್ದಾರೆ. ಆದರೆ ಸದಾ ನೀರಿನೊಳಗಿರುವ ಮರ ಶತಮಾನಗಳ ಕಾಲ ಬಾಳುವುದುಂಟು. ಸದಾ ಒಣಗಿರುವುದೂ ಬಾಳುತ್ತದೆ. ಮರವನ್ನು ತಿನ್ನುವ ಶಿಲೀಂಧ್ರಕ್ಕೆ ತೇವ ಮತ್ತು ಗಾಳಿ ಎರಡೂ ಬೇಕು. ಎರಡೂ ಸಿಗುವುದು ಮಳೆನೀರು ನಿಲ್ಲುವ ಮೂಲೆಗಳಲ್ಲಿ, ಪಕ್ಕೆಲುಬು ಹಲಗೆಯನ್ನು ಕೂಡುವ ಸಂದುಗಳಲ್ಲಿ, ನೀರಿನ ಮಟ್ಟದ ಅಂಚಿನಲ್ಲಿ. ಒಂದು ದಬ್ಬಣ ಹಿಡಿದು ಈ ಜಾಗಗಳನ್ನೇ ಚುಚ್ಚಿ ನೋಡಬೇಕು. ಗಟ್ಟಿಮರ ಮೊನೆಯನ್ನು ತಡೆಯುತ್ತದೆ. ಲಡ್ಡು ಹಿಡಿದ ಮರ ಬೆಣ್ಣೆಯಂತೆ ಒಳಗೆ ಬಿಟ್ಟುಕೊಳ್ಳುತ್ತದೆ. ಅಂಥ ಮರದ ಮೇಲೆ ತಗಡು ಹೊಡೆದರೆ ತೇವ ಒಳಗೇ ಸಿಕ್ಕಿಬಿದ್ದು ಶಿಲೀಂಧ್ರಕ್ಕೆ ಮನೆ ಕಟ್ಟಿಕೊಟ್ಟಂತಾಗುತ್ತದೆ. ಹಸಿ ಹಲಗೆಯ ಮೇಲೆ ಫೈಬರ್ ಗ್ಲಾಸ್ ಹೊದಿಸುವುದೂ ಹೀಗೆಯೇ: ರಾಳವು ಒದ್ದೆ ಮರಕ್ಕೆ ಹಿಡಿಯದು, ಹೊರಗೆ ಹೊಳಪು, ಒಳಗೆ ಕೊಳೆತ. ಮೊಳೆಯ ಸುತ್ತ ಕಪ್ಪು ಕಲೆಯಿದ್ದರೆ ಅದನ್ನೂ ಶಂಕಿಸಬೇಕು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಮೊಳೆಯೇ ಬೆಣೆಯಾಗಿ ಹಲಗೆಯನ್ನು ಸೀಳುತ್ತದೆ. ಕಡಲ ದೋಣಿಗಳಿಗಿರುವ ಹಡಗುಹುಳುವಿನ ಕಾಟ ಮಾತ್ರ ನಮ್ಮ ಸಿಹಿನೀರಿನ ಹೊಳೆಗಳಲ್ಲಿಲ್ಲ. ಅಷ್ಟು ಖರ್ಚು ನಮಗೆ ಉಳಿತಾಯ.

ಬೆನ್ನುಮರವೂ ಪಕ್ಕೆಲುಬುಗಳೂ ಒಟ್ಟಿಗೆ ಲಡ್ಡಾಗಿದ್ದರೆ ಆ ದೋಣಿಗೆ ಒಂದು ಕಾಸನ್ನೂ ಹಾಕಬಾರದು. ಸ್ಲೋಕಮ್ಮನಿಗೆ ೧೩ ತಿಂಗಳ ಬಿಡುವೂ ಬಡಗಿಯ ಕೈಯೂ ಇದ್ದವು. ಅವನ್ನು ಎಲ್ಲರಿಂದಲೂ ನಿರೀಕ್ಷಿಸಲಾಗದು. ಕೆಲವು ಹಲಗೆಗಳಷ್ಟೇ ಹೋಗಿದ್ದರೆ ಮೊದಲ ರೂಪಾಯಿ ಅಲ್ಲಿಗೆ.

ಹರಿಗೋಲಿನ ವಿಷಯ ಬೇರೆ. ೧೫೨೦ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ತುಂಗಭದ್ರೆಯನ್ನು ಬುಟ್ಟಿಯಂಥ ದುಂಡು ದೋಣಿಗಳಲ್ಲಿ ದಾಟುತ್ತಿದ್ದುದನ್ನೂ, ಅವಕ್ಕೆ ಹೊರಗೆ ತೊಗಲು ಹೊದಿಸಿದ್ದುದನ್ನೂ, ಅವು ನೇರವಾಗಿ ಹೋಗದೆ ತಿರುಗುತ್ತಲೇ ಸಾಗುತ್ತಿದ್ದುದನ್ನೂ ಬರೆದಿಟ್ಟಿದ್ದಾನೆ. ಈಗ ತೊಗಲಿನ ಸ್ಥಾನದಲ್ಲಿ ಪ್ಲಾಸ್ಟಿಕ್ ಚೀಲ ಮತ್ತು ಡಾಂಬರು ಬಂದಿವೆ. ಹೊದಿಕೆ ಅಗ್ಗ, ಅದನ್ನು ಮತ್ತೆ ಮತ್ತೆ ಬದಲಿಸಬಹುದು. ಜೋಪಾನ ಮಾಡಬೇಕಾದದ್ದು ಬಿದಿರಿನ ಹೆಣಿಗೆ. ಬಿದಿರಿನಲ್ಲಿ ಪಿಷ್ಟವಿರುವುದರಿಂದ ಕುಟ್ಟೆ ಹುಳುವಿಗೆ ಅದು ಊಟ. ಹೆಣೆಯುವ ಮುನ್ನ ಸೀಳುಗಳನ್ನು ಕೆಲವು ವಾರ ಹರಿಯುವ ನೀರಿನಲ್ಲಿ ನೆನೆಹಾಕಿದರೆ ಪಿಷ್ಟದ ಅಂಶ ಕಡಮೆಯಾಗುತ್ತದೆ; ಬೊರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ನೆನೆಸಿದರೆ ಇನ್ನೂ ಮೇಲು.

ಇನ್ನು ಎರಡನೆಯ ರೂಪಾಯಿ. ದೋಣಿ ತುಂಬಿದ ಮೇಲೂ ತೇಲುವಂತಿರಬೇಕು. ಮರದ ದೋಣಿ ತಾನೇ ತೇಲುವುದಲ್ಲವೇ ಎಂದು ಕೇಳಬಹುದು. ಬರಿಯ ಮರವಾದರೆ ತೇಲೀತು. ಅದಕ್ಕೆ ಇಂಜಿನಿನ ಭಾರವನ್ನೂ ಅಂಚು ಹಿಡಿದು ನೇತಾಡುವ ಜನರನ್ನೂ ಸೇರಿಸಿದರೆ ಆ ಧೈರ್ಯ ಉಳಿಯದು. ಪರಿಹಾರ ಕಿರಾಣಿ ಅಂಗಡಿಯ ಹಿಂಬದಿಯಲ್ಲಿದೆ. ೨೦ ಲೀಟರಿನ ಖಾಲಿ ಎಣ್ಣೆ ಡಬ್ಬ, ಮುಚ್ಚಳ ಬಿಗಿಯಾಗಿದ್ದರೆ, ನೀರಿನೊಳಗೆ ಸುಮಾರು ೧೯ ಕಿಲೋಗ್ರಾಂ ತೂಕವನ್ನು ಎತ್ತಬಲ್ಲುದು. ಕುತ್ತಿಗೆಯವರೆಗೆ ಮುಳುಗಿದ ಮನುಷ್ಯನ ಭಾರವನ್ನು ಬಹುಮಟ್ಟಿಗೆ ನೀರೇ ಹೊರುವುದರಿಂದ, ತಲೆಯನ್ನು ಮೇಲಿಡಲು ಬೇಕಾದ ಹೆಚ್ಚಿನ ಬಲ ಐದಾರು ಕಿಲೋಗ್ರಾಂ ಮಾತ್ರ. ಅಂದರೆ ಒಂದು ಡಬ್ಬ ಮೂವರನ್ನು ಕಾಯುತ್ತದೆ. ಕುಳಿತುಕೊಳ್ಳುವ ಅಡ್ಡಹಲಗೆಗಳ ಕೆಳಗೆ ಇಂಥ ಡಬ್ಬಗಳನ್ನು ಎರಡೂ ಪಕ್ಕಗಳಲ್ಲಿ ಸಮನಾಗಿ ಬಿಗಿದರೆ ದೋಣಿಯೇ ಒಂದು ತೆಪ್ಪವಾಗುತ್ತದೆ. ಹಾಗೆಂದು ಜೀವರಕ್ಷಕ ಕವಚಗಳನ್ನು ಕೊಳ್ಳುವುದು ಬೇಡವೆಂದಲ್ಲ. ಪ್ರಜ್ಞೆ ತಪ್ಪಿದವನು ಡಬ್ಬವನ್ನು ಹಿಡಿದುಕೊಳ್ಳಲಾರ. ಈಜು ಬಾರದ ಮಗುವಂತೂ ಹಿಡಿಯದು. ಇಂಜಿನಿಗೆಂದು ಕೂಡಿಟ್ಟ ಹಣ ಕವಚಗಳಿಗೆ ಹೋಗಲಿ. ಹುಟ್ಟು ಹಾಕುವ ತೋಳು ಇನ್ನೊಂದು ವರ್ಷ ದುಡಿದೀತು.

ಮೂರನೆಯದಕ್ಕೆ ರೂಪಾಯಿಯೇ ಬೇಡ, ಒಂದು ಚಮಚ ಬಿಳಿಯ ಬಣ್ಣ ಸಾಕು. ಆರ್ಕಿಮಿಡೀಸನ ನಿಯಮವನ್ನು ಪರೀಕ್ಷೆಗಾಗಿ ಕಂಠಪಾಠ ಮಾಡಿದ ವಿದ್ಯಾರ್ಥಿಗಳು ಈಗ ಪೆನ್ಸಿಲ್ ತೆಗೆದುಕೊಳ್ಳಲಿ. ೬ ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ದೋಣಿಯೊಂದಿದೆ ಎನ್ನೋಣ. ತುದಿಗಳು ಮೊನಚಾಗಿರುವುದರಿಂದ ನೀರಿನ ಮಟ್ಟದಲ್ಲಿ ಅದರ ವಿಸ್ತೀರ್ಣ ಪೂರ್ತಿ ೯ ಚದರ ಮೀಟರ್ ಆಗದೆ, ಹತ್ತರಲ್ಲಿ ಏಳು ಪಾಲಿನಷ್ಟು, ಅಂದರೆ ೬.೩ ಚದರ ಮೀಟರ್ ಇರುತ್ತದೆ. ದೋಣಿ ಒಂದು ಸೆಂಟಿಮೀಟರ್ ಮುಳುಗಿದರೆ ೬೩ ಲೀಟರ್ ನೀರನ್ನು ತಳ್ಳುತ್ತದೆ. ಅದರ ತೂಕ ೬೩ ಕಿಲೋಗ್ರಾಂ, ಹೆಚ್ಚುಕಡಮೆ ಒಬ್ಬ ಮನುಷ್ಯನ ತೂಕ. ಒಬ್ಬ ಹತ್ತಿದರೆ ಒಂದು ಸೆಂಟಿಮೀಟರ್! ಖಾಲಿ ದೋಣಿಯ ಅಂಚು ನೀರಿನಿಂದ ೩೮ ಸೆಂಟಿಮೀಟರ್ ಮೇಲಿದ್ದರೆ, ೧೬ ಮಂದಿ ಹತ್ತಿದಾಗ ಉಳಿಯುವುದು ೨೨, ಅಂದರೆ ಒಂದು ಗೇಣು. ಇದಕ್ಕಿಂತ ಕಡಮೆ ಬಿಡಬಾರದೆಂದು ನನ್ನ ಅಭಿಪ್ರಾಯ. ಮೋಟಾರ್ ಸೈಕಲ್ ಏರಿಸಿದರೆ ಇಬ್ಬರು ಇಳಿಯಬೇಕು. ತಳದಲ್ಲಿ ೪ ಚದರ ಮೀಟರ್ ಹರವಿನ ಮೇಲೆ ೫ ಸೆಂಟಿಮೀಟರ್ ಸೋರಿದ ನೀರು ನಿಂತಿದ್ದರೆ ಅದು ೨೦೦ ಕಿಲೋಗ್ರಾಂ: ಕಾಸು ಕೊಡದೆ ಹತ್ತಿದ ಮೂವರು ಪ್ರಯಾಣಿಕರು. ಇವರು ಕುಳಿತಲ್ಲಿ ಕೂರುವವರೂ ಅಲ್ಲ. ದೋಣಿ ಯಾವ ಕಡೆ ವಾಲುವುದೋ ಆ ಕಡೆಗೇ ಓಡುತ್ತಾರೆ. ಬ್ಯಾಡಗಿ ಮೆಣಸಿನಕಾಯಿಯ ಚೀಲಗಳು ಹಗುರವೆಂದು ಎತ್ತರಕ್ಕೆ ಪೇರಿಸುವುದೂ ಮೋಸವೇ. ತೂಕ ಕಡಮೆಯಾದರೂ ಗುರುತ್ವಕೇಂದ್ರ ಮೇಲೇರುತ್ತದೆ, ಗಾಳಿಗೆ ಎದೆಯೊಡ್ಡಿದಂತೆಯೂ ಆಗುತ್ತದೆ.

ಈ ಲೆಕ್ಕವನ್ನೇ ಒಂದು ಗೆರೆಯಾಗಿ ದೋಣಿಯ ಪಕ್ಕದಲ್ಲಿ ಬರೆದುಬಿಟ್ಟರೆ ಓದು ಬಾರದವನೂ ಅದನ್ನು ಓದಬಲ್ಲ. ಸಮುದ್ರದ ಹಡಗುಗಳಿಗೆ ಇಂಥ ಭಾರರೇಖೆ ಇರಬೇಕೆಂದು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಹೋರಾಡಿದ ಫಲವಾಗಿ ೧೮೭೬ರಲ್ಲಿ ಶಾಸನವಾಯಿತು. ಆದರೆ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದನ್ನು ಹಡಗಿನ ಒಡೆಯರಿಗೇ ಬಿಟ್ಟಿದ್ದರು. ಒಬ್ಬನು ಅದನ್ನು ಹೊಗೆಕೊಳವೆಯ ಮೇಲೆಯೇ ಬರೆಸಿದನೆಂದು ಹೇಳಿಕೆಯುಂಟು! ೧೮೯೦ರಲ್ಲಿ ಇನ್ನೊಂದು ಶಾಸನ ಬಂದು ಆ ಸ್ಥಾನವನ್ನು ನಿಯಮಕ್ಕೆ ಒಳಪಡಿಸಬೇಕಾಯಿತು. ಆದ್ದರಿಂದ ನಮ್ಮಲ್ಲಿ ಗೆರೆ ಎಳೆಯುವ ಕೆಲಸ ಅಂಬಿಗನೊಬ್ಬನದೇ ಆಗಬಾರದು. ಹೊಟ್ಟೆಪಾಡಿನವನಿಗೆ ಹದಿನೇಳನೆಯ ಪ್ರಯಾಣಿಕನನ್ನು ದಡದಲ್ಲಿ ಬಿಟ್ಟು ಬರುವುದು ಕಷ್ಟ. ದಡದಲ್ಲಿ ನಿಂತವನೂ ಸುಮ್ಮನಿರುವುದಿಲ್ಲ. ಗೆರೆ ಗ್ರಾಮ ಪಂಚಾಯತಿಯ ಸಮ್ಮುಖದಲ್ಲಿ ಬಿದ್ದರೆ, ಆಗದೆಂದು ಹೇಳುವುದು ಗೆರೆ; ಅಂಬಿಗನ ಮೇಲೆ ಸಿಟ್ಟು ಬಾರದು. ೨೦೧೯ರ ಜನವರಿ ೨೧ರಂದು ಕಾರವಾರದ ಬಳಿ ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ ೧೬ ಮಂದಿ ತೀರಿಕೊಂಡರು. ದೋಣಿಯಲ್ಲಿ ಮಿತಿಮೀರಿ ಜನರಿದ್ದರೆಂದು ಆಗ ವರದಿಯಾಯಿತು.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಕಾಲೇಜುಗಳಲ್ಲಿ ಭೌತಶಾಸ್ತ್ರ ಓದುವವರು ಒಂದು ಭಾನುವಾರ ಅಳತೆಪಟ್ಟಿ, ಸೀಮೆಸುಣ್ಣಗಳೊಡನೆ ಹೊಳೆದಂಡೆಗೆ ಏಕೆ ಹೋಗಬಾರದು? ಅಂಬಿಗನ ಒಪ್ಪಿಗೆ ಪಡೆದು, ಮೊಣಕಾಲುದ್ದ ನೀರಿನಲ್ಲಿ ದೋಣಿಯನ್ನು ಕಟ್ಟಿ, ತೂಗಿದ ಮರಳಿನ ಚೀಲಗಳನ್ನು ಒಂದೊಂದಾಗಿ ಇಟ್ಟು ಅಂಚಿನ ಎತ್ತರವನ್ನು ಅಳೆಯಬೇಕು. ದೋಣಿಯ ಆಕಾರ ವಕ್ರವಾಗಿರುವುದರಿಂದ ಸೂತ್ರಕ್ಕಿಂತ ಈ ಅಳತೆಯೇ ಪ್ರಮಾಣ. ಹರಿಗೋಲಿಗಂತೂ ಇದೇ ದಾರಿ. ಅದು ಬೋಗುಣಿಯಂತಿರುವುದರಿಂದ ಮೊದಲು ಬೇಗ ಮುಳುಗಿ ಬರಬರುತ್ತ ನಿಧಾನವಾಗುತ್ತದೆ. ಆ ಏರಿಳಿತವನ್ನು ಗ್ರಾಫ್ ಕಾಗದದಲ್ಲಿ ಬಿಡಿಸಿದರೆ ಪ್ರಯೋಗಶಾಲೆಯ ಯಾವ ಪಾಠಕ್ಕೂ ಅದು ಕಡಮೆಯಲ್ಲ.

ಈ ಕೆಲಸಗಳಿಗೆಲ್ಲ ಕಾಲ ಬೇಸಿಗೆಯೇ. ಹೊಳೆ ಇಳಿದು ದೋಣಿ ದಡದಲ್ಲಿದ್ದಾಗ ಹಲಗೆಯ ಸಂದುಗಳಿಗೆ ಹತ್ತಿಯ ಹುರಿಯನ್ನು ಉಳಿಯಿಂದ ಹದವಾಗಿ ಬಡಿದು ಮೇಲೆ ರಾಳ ಬಳಿಯಬೇಕು. ಹತ್ತಿ ಬೆಳೆಯುವ ನಾಡಿನಲ್ಲಿ ಹುರಿಗೆ ಬರವಿಲ್ಲ. ಸಿಮೆಂಟು ತುಂಬುವವರೂ ಉಂಟು, ಅದು ಸಲ್ಲದು. ಒಣಗಿದ ಹಲಗೆ ನೀರು ಕುಡಿದು ಉಬ್ಬುವಾಗ ಹತ್ತಿ ಹಿಂಡಿಕೊಂಡು ಜಾಗ ಕೊಡುತ್ತದೆ, ಸಿಮೆಂಟು ಕೊಡದು, ಒಡೆಯುವುದು ಹಲಗೆಯೇ. ಬಡಿದು ಮುಗಿದ ದೋಣಿಯನ್ನು ಒಡನೆಯೇ ಜನರನ್ನು ಹತ್ತಿಸಿ ನಡೆಸಬಾರದು. ದಡದ ಬಳಿ ಆಳವಿಲ್ಲದ ನೀರಿನಲ್ಲಿ ಕಟ್ಟಿಹಾಕಿ, ಮೊದಲ ದಿನ ಸೋರಿದರೂ ಗಾಬರಿಯಾಗದೆ ನೀರನ್ನು ಎತ್ತಿಹಾಕುತ್ತ, ಎರಡು ಮೂರು ದಿನ ಹಲಗೆ ಊದಿ ಸಂದು ಕೂಡಿಕೊಳ್ಳುವವರೆಗೆ ಕಾಯಬೇಕು. ಮುಂಗಾರಿನ ಹೊಸ ನೀರು ಬರುವಷ್ಟರಲ್ಲಿ ಈ ಮೂರು ದಿನಗಳೂ ಕಳೆದಿರಬೇಕು.