ಅಂದಾಜುಪಟ್ಟಿ ಗ್ರಾಮಸಭೆಗೆ ಬರಲಿ

ಪಂಚಾಯಿತಿ ಕಾಮಗಾರಿಗಳ ಕುರಿತು ನಮ್ಮ ಊರುಗಳಲ್ಲಿ ಕೇಳಿಬರುವ ದೂರು ಸಾಮಾನ್ಯವಾಗಿ ಒಂದೇ: ಗುತ್ತಿಗೆದಾರ ಸಿಮೆಂಟು ಕಡಿಮೆ ಹಾಕಿದ. ದೂರು ಹಲವೊಮ್ಮೆ ನಿಜವೂ ಇರಬಹುದು. ಆದರೆ ಕಾಮಗಾರಿಯ ಹಣೆಬರಹ ಅದಕ್ಕೂ ಬಹಳ ಮೊದಲೇ, ಅಂದಾಜುಪಟ್ಟಿಯಲ್ಲಿ ಬರೆದಾಗಿರುತ್ತದೆ.

ಒಂದು ಮೋರಿಯನ್ನೇ ತೆಗೆದುಕೊಳ್ಳೋಣ. ಕೊಳವೆಯ ಅಗಲ ಎಷ್ಟು, ಎಷ್ಟು ಸಾಲು, ನೀರು ಯಾವ ಕಡೆಗೆ ಹೊರಳಬೇಕು ಎಂಬುದನ್ನು ನಿರ್ಧರಿಸುವುದು ಈ ಪಟ್ಟಿಯೇ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಅಧಿಕ ಮಳೆ ಸುರಿಯುತ್ತದೆ. ಮಲೆನಾಡಿನ ಹಳ್ಳ ನೀರನ್ನಷ್ಟೇ ಅಲ್ಲ, ದರಕು, ದಿಮ್ಮಿ, ಕಲ್ಲುಮಣ್ಣುಗಳನ್ನೂ ಹೊತ್ತು ತರುತ್ತದೆ. ಇಂಥಲ್ಲಿ ಬಯಲುಸೀಮೆಯ ಅಳತೆಯ ಕೊಳವೆ ಹಾಕಿದರೆ ಅದು ಕಟ್ಟಿಕೊಂಡು, ನೀರು ರಸ್ತೆಯನ್ನು ಕೊರೆದು ಗದ್ದೆಗೆ ನುಗ್ಗುತ್ತದೆ. ಗುತ್ತಿಗೆದಾರ ಪ್ರಾಮಾಣಿಕನಾಗಿದ್ದರೂ ಫಲ ಅದೇ. ಟೆಂಡರು ತೀರ್ಮಾನಿಸುವುದು ಯಾರು ಕಡಿಮೆ ದರಕ್ಕೆ ಮಾಡುವರೆಂಬುದನ್ನೇ ಹೊರತು ಏನು ಮಾಡಬೇಕೆಂಬುದನ್ನಲ್ಲ.

ಟೆಂಡರಿನ ರಕ್ಷಣೆಯಾದರೂ ಪೂರ್ಣವಲ್ಲ. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ 1999ರಲ್ಲಿ ಸಣ್ಣ ಮೊತ್ತದ ಕಾಮಗಾರಿಗಳಿಗೆ ವಿನಾಯಿತಿ ಇದೆ. 4(ಜಿ) ಪ್ರಕರಣದಡಿ ಸರ್ಕಾರ ಅಧಿಸೂಚನೆ ಹೊರಡಿಸಿಯೂ ವಿನಾಯಿತಿ ನೀಡಬಹುದು. ಒಂದೇ ರಸ್ತೆಯನ್ನು ತುಂಡುತುಂಡಾಗಿಸಿ ಪ್ರತಿ ತುಂಡನ್ನೂ ಮಿತಿಯೊಳಗೆ ತಂದರೆ ಕಾಯಿದೆಯ ಆಶಯವೇ ಸೋತಂತೆ.

ಗ್ರಾಮಸಭೆಯಲ್ಲಿ ಓದುವ ಕ್ರಿಯಾಯೋಜನೆಯಲ್ಲಿ ಸಾಮಾನ್ಯವಾಗಿ ಕಾಮಗಾರಿಯ ಹೆಸರು ಮತ್ತು ಮೊತ್ತ ಮಾತ್ರ ಇರುತ್ತವೆ. ಅಷ್ಟಕ್ಕೇ ಕೈಯೆತ್ತಿ ಬರುವುದು ಸಲ್ಲದು. ಹಳ್ಳಿಗರು ಎಂಜಿನಿಯರರಲ್ಲ, ಅವರಿಗೆ ಅಂದಾಜುಪಟ್ಟಿ ಏನು ತಿಳಿದೀತು ಎನ್ನುವವರಿದ್ದಾರೆ. ಲೆಕ್ಕ ಹಾಕುವ ವಿದ್ಯೆ ಎಂಜಿನಿಯರರದು, ಒಪ್ಪೋಣ. ಆದರೆ ಆಷಾಢದಲ್ಲಿ ಹಳ್ಳ ಎಲ್ಲಿಯವರೆಗೆ ಏರುತ್ತದೆಂದು ಬಲ್ಲವನು ಹಳ್ಳದ ದಂಡೆಯ ರೈತ. ಆ ತಿಳಿವಳಿಕೆ ಸೇರದ ಲೆಕ್ಕ ಅಪೂರ್ಣ.

ವಿದ್ಯಾರ್ಥಿ ಮಿತ್ರರಿಗೆ ಇಲ್ಲೊಂದು ಕೆಲಸವಿದೆ. ಮಾಹಿತಿ ಹಕ್ಕು ಕಾಯಿದೆ 2005ರ 2(ಜೆ) ಪ್ರಕರಣವು ಕಾಗದಪತ್ರಗಳ ನಕಲಿನ ಜೊತೆಗೆ ಕಾಮಗಾರಿಯನ್ನೇ ಪರಿಶೀಲಿಸುವ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕನ್ನೂ ನೀಡಿದೆ. ಅರ್ಜಿ ಶುಲ್ಕ 10 ರೂಪಾಯಿ. ಉತ್ತರಕ್ಕೆ 30 ದಿನಗಳ ಗಡುವು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳೊಳಗೆ ಇರಬೇಕು. ಆದ್ದರಿಂದ ಒಂದು ಕಾಮಗಾರಿ ಆರಿಸಿಕೊಂಡು ಅದರ ಅಂದಾಜುಪಟ್ಟಿ, ಅಳತೆ ಪುಸ್ತಕಗಳ ನಕಲು ಪಡೆಯಿರಿ. ಟೇಪು ಹಿಡಿದು ಸ್ಥಳಕ್ಕೆ ಹೋಗಿ ತಾಳೆ ನೋಡಿರಿ.

ಮುಂದಿನ ಗ್ರಾಮಸಭೆಯಲ್ಲಿ ಪ್ರತಿ ಊರೂ ಒಂದು ನಿರ್ಣಯ ಕೇಳಲಿ: ಕೆಲಸ ಆರಂಭವಾಗುವ ಮೊದಲು ಅಂದಾಜುಪಟ್ಟಿಯನ್ನು ಕಾಮಗಾರಿಯ ಸ್ಥಳದಲ್ಲಿ, ಕನ್ನಡದಲ್ಲಿ, ಅಕ್ಕಪಕ್ಕದ ರೈತರೆದುರು ಓದತಕ್ಕದ್ದು. ಬಿಲ್ಲು ಪಾವತಿಯಾದ ಮೇಲೆ ಎತ್ತುವ ಹತ್ತು ತಕರಾರುಗಳಿಗಿಂತ ಅದಕ್ಕೆ ಮುನ್ನ ಕೇಳುವ ಒಂದು ಪ್ರಶ್ನೆ ಊರಿನ ಹಣವನ್ನೂ ಗದ್ದೆಯನ್ನೂ ಉಳಿಸೀತು.