ಜೋಶಾಂದಾ: ಚಹಾ ಅಲ್ಲ, ಮದ್ದು

ಮಳೆಗಾಲ ಬಂತೆಂದರೆ ನಮ್ಮ ಮನೆಗಳಲ್ಲಿ ಒಲೆಯ ಮೇಲೆ ಜೋಶಾಂದಾ ಏರುತ್ತದೆ. ಒಬ್ಬರಿಗೆ ನೆಗಡಿಯಾದರೆ ಮನೆಮಂದಿಗೆಲ್ಲ ಒಂದೊಂದು ಲೋಟ. ಇದು ಒಳ್ಳೆಯ ರೂಢಿ, ಬಿಡಿ ಎಂದು ನಾನು ಹೇಳಲಾರೆ. ಆದರೆ "ಗಿಡಮೂಲಿಕೆ ತಾನೇ, ಕುಡಿದರೆ ಏನಾಗುತ್ತದೆ?" ಎಂಬ ಮಾತನ್ನು ಯುನಾನಿ ವೈದ್ಯನಾಗಿ ಒಪ್ಪಲಾರೆ.

ಕಳೆದ ವರ್ಷ ಐವತ್ತೈದು ದಾಟಿದ ಒಬ್ಬ ತಾಯಿ ನನ್ನ ಕ್ಲಿನಿಕ್‌ಗೆ ಬಂದರು. ತಪ್ಪದೆ ಮಾತ್ರೆ ನುಂಗುತ್ತಿದ್ದರೂ ಅವರ ರಕ್ತದೊತ್ತಡ ಇಳಿದಿರಲಿಲ್ಲ, ಕಾಲು ಊದಿಕೊಂಡಿತ್ತು. ಕೆಮ್ಮು ವಾಸಿಯಾಗಿ ನಾಲ್ಕು ತಿಂಗಳಾದರೂ ಅವರು ದಿನಕ್ಕೆರಡು ಲೋಟ ಅತಿಮಧುರದ ಕಷಾಯ ಕುಡಿಯುತ್ತಿದ್ದರು. ಮಾತ್ರೆ ಕೊಟ್ಟ ವೈದ್ಯರಿಗೆ ಅದನ್ನು ಹೇಳಿರಲಿಲ್ಲ. ಅವರ ಲೆಕ್ಕದಲ್ಲಿ ಅದು ಮದ್ದೇ ಅಲ್ಲವಲ್ಲ! ನಾವು ಮುಲೇಠಿ ಎನ್ನುವ ಈ ಬೇರು ಗಂಟಲಿಗೆ ಹಿತ, ನಿಜ. ಆದರೆ ಬಹುದಿನ ಕುಡಿದರೆ ದೇಹದಲ್ಲಿ ಉಪ್ಪು, ನೀರು ನಿಲ್ಲುತ್ತವೆ, ಪೊಟ್ಯಾಶಿಯಂ ಇಳಿಯುತ್ತದೆ, ರಕ್ತದೊತ್ತಡ ಏರುತ್ತದೆ. ಕಷಾಯ ಬಿಟ್ಟ ಕೆಲವೇ ವಾರಗಳಲ್ಲಿ ಅದೇ ಮಾತ್ರೆಯಿಂದ ಒತ್ತಡ ಹತೋಟಿಗೆ ಬಂತು.

ಯುನಾನಿಯಲ್ಲಿ ಮೊದಲು ನೋಡುವುದು ಮಿಜಾಜ್, ಅಂದರೆ ರೋಗಿಯ ಮತ್ತು ಮದ್ದಿನ ಪ್ರಕೃತಿ. ಶುಂಠಿ, ಮೆಣಸು, ಲವಂಗ ಉಷ್ಣ. ಕಫ ಕಟ್ಟಿದವರಿಗೆ ಒಗ್ಗುವ ಈ ಕಷಾಯ ಎದೆಯುರಿ ಇರುವವರಿಗೆ ಬೆಂಕಿಗೆ ತುಪ್ಪ ಸುರಿದಂತೆ. ಒಂದೇ ಪಾತ್ರೆಯ ಮದ್ದು ಮನೆಮಂದಿಗೆಲ್ಲ ಹೊಂದುವುದಿಲ್ಲ.

ಹಾಗಾದರೆ ಹೇಗೆ ಮಾಡಬೇಕು? ಒಣಕೆಮ್ಮು, ನೆಗಡಿಗೆ ಹಕೀಮರು ತಲೆತಲಾಂತರದಿಂದ ಕೊಡುವ ಸರಳ ಜೋಶಾಂದಾ ಇದು: ಬೆಹಿದಾನ 3 ಗ್ರಾಂ, ಉನ್ನಾಬ್ 5, ಸಪಿಸ್ತಾನ್ 9. ಉನ್ನಾಬ್ ಎಲಚಿ ಜಾತಿಯ ಒಣಹಣ್ಣು, ಸಪಿಸ್ತಾನ್ ಒಣ ಚಳ್ಳೆಹಣ್ಣು. ತೊಳೆದು ರಾತ್ರಿ ಒಂದೂವರೆ ಲೋಟ ನೀರಿನಲ್ಲಿ ನೆನೆಹಾಕಿ. ಬೆಹಿದಾನವನ್ನು ಜಜ್ಜಬೇಡಿ, ಅದರ ಲೋಳೆಯಷ್ಟೇ ಬೇಕು. ಬೆಳಿಗ್ಗೆ ಸ್ಟೀಲ್ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಕುದಿಸಿ, ಅರ್ಧಕ್ಕಿಳಿದಾಗ ಸೋಸಿ ಬೆಚ್ಚಗೆ ಕುಡಿಯಿರಿ. ಗುಲೆ ಬನಫ್ಶಾದಂಥ ಹೂವು ಸೇರಿಸುವುದಾದರೆ ಕುದಿಸಬೇಡಿ. ಒಲೆ ಆರಿಸಿದ ಮೇಲೆ ಹಾಕಿ, ಹತ್ತು ನಿಮಿಷ ಮುಚ್ಚಿಡಿ. ಪರಿಮಳ ಆವಿಯಾಗಿ ಹೋದರೆ ಗುಣವೂ ಹೋದಂತೆ. ಅಂದಂದಿನದು ಅಂದೇ ಮುಗಿಯಲಿ, ನಿನ್ನೆಯದನ್ನು ಮತ್ತೆ ಕಾಯಿಸಬೇಡಿ. ಒಂದು ವರ್ಷ ತುಂಬದ ಕೂಸಿಗೆ ಜೇನುತುಪ್ಪದ ಹನಿಯೂ ಬೇಡ.

ಸನಾ ಮಕ್ಕಿಯ ಬಗ್ಗೆಯೂ ಹೇಳಲೇಬೇಕು. ಹದೀಸಿನಲ್ಲಿ ಅದರ ಪ್ರಸ್ತಾಪವಿದೆ ಎಂಬ ಗೌರವದಿಂದ ಹಲವರು ಅದನ್ನು ನಿತ್ಯದ ಚಹಾ ಮಾಡಿಕೊಂಡಿದ್ದಾರೆ. ತೂಕ ಇಳಿಸಲೆಂದು ಕುಡಿಯುವ ಹೆಣ್ಣುಮಕ್ಕಳೂ ಇದ್ದಾರೆ. ಅದು ಭೇದಿಯ ಮದ್ದು. ಇಳಿಯುವುದು ಕೊಬ್ಬಲ್ಲ, ನೀರು ಮತ್ತು ಲವಣ. ಬಹುದಿನ ಕುಡಿದರೆ ಅದಿಲ್ಲದೆ ಹೊಟ್ಟೆ ಖಾಲಿಯಾಗದ ಸ್ಥಿತಿ ಬರಬಹುದು. ಪ್ರವಾದಿಯವರ(ಸ) ಮೇಲಿನ ಪ್ರೀತಿಯೆಂದರೆ ಅಳತೆ ಮೀರುವುದಲ್ಲ, ಮಿತ ಪಾಲಿಸುವುದು.

ಗರ್ಭಿಣಿಯರು, ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು ಕೇಳದೆ ಯಾವ ಕಷಾಯವನ್ನೂ ಶುರುಮಾಡಬೇಡಿ. ನಾಲ್ಕೈದು ದಿನದಲ್ಲಿ ಗುಣ ಕಾಣದಿದ್ದರೆ ಲೋಟ ಕೆಳಗಿಟ್ಟು ವೈದ್ಯರ ಬಳಿ ಹೋಗಿ. ಕೆಮ್ಮು ಎರಡು ವಾರ ದಾಟಿದರೆ ಸರಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ. ಕ್ಷಯವನ್ನು ಜೋಶಾಂದಾದಿಂದ ಮುಚ್ಚಿಟ್ಟರೆ ಮನೆಯ ಮಕ್ಕಳಿಗೂ ಹರಡುತ್ತದೆ.

ಮುಂದಿನ ಸಲ ಯಾವ ವೈದ್ಯರೇ ಆಗಲಿ, "ಏನು ಮದ್ದು ತೆಗೆದುಕೊಳ್ಳುತ್ತೀರಿ?" ಎಂದು ಕೇಳಿದರೆ ಮಾತ್ರೆಯ ಜೊತೆ ಕಷಾಯದ ಹೆಸರನ್ನೂ ಹೇಳಿ. ದೇಹ ಅಲ್ಲಾಹನ ಅಮಾನತ್ತು. ಅದಕ್ಕೆ ಏನು ಕುಡಿಸುತ್ತಿದ್ದೇವೆ ಎಂಬ ಲೆಕ್ಕ ನಮ್ಮಲ್ಲಿರಲಿ.